ಕೆಲಸ ಬಿಟ್ಟು ವ್ಯಾನ್ ಹತ್ತುವ ಮೊದಲು

ತಿಂಗಳ ಸಂಬಳದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ವ್ಯಾನಿನೊಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಹಾಕಿಸಿಕೊಂಡು ಊರೂರು ಸುತ್ತುವವರ ವಿಡಿಯೋಗಳನ್ನು ಈಗ ನಮ್ಮ ಮಂಜೇಶ್ವರ, ಬದಿಯಡ್ಕದ ಮನೆಗಳಲ್ಲೂ ನೋಡುತ್ತಾರೆ. ನೋಡಿದ ಯುವಕರಿಗೆ 'ನಾವೂ ಹೀಗೇ ಹೊರಟರೆ ಹೇಗೆ?' ಅನಿಸುವುದು ಸಹಜ. ಮನೆಯ ಹಿರಿಯರದ್ದು ಒಂದೇ ಪ್ರಶ್ನೆ: 'ಇದ್ದ ಕೆಲಸ ಬಿಟ್ಟು ಎಂತ ಮಾಡ್ಲಿಕ್ಕುಂಟು?' ಇಬ್ಬರ ಮಾತಿನಲ್ಲೂ ಹುರುಳಿದೆ. ಹೊರಡುವವರು ಹೊರಡಲಿ, ಆದರೆ ಹಿಂದಿರುಗುವ ದಾರಿ ಇಟ್ಟುಕೊಂಡು ಹೊರಡಲಿ ಎನ್ನುವುದು ನಮ್ಮ ಅಭಿಪ್ರಾಯ.

ಈ ಹುಚ್ಚಿಗೆ 'ವ್ಯಾನ್ ಲೈಫ್' ಎಂಬ ಹೆಸರು ಬಂದದ್ದು ಅಮೆರಿಕದಿಂದ. 2011ರಲ್ಲಿ ಫಾಸ್ಟರ್ ಹಂಟಿಂಗ್ಟನ್ ಎಂಬ ಯುವಕ ನ್ಯೂಯಾರ್ಕಿನ ಒಳ್ಳೆಯ ಕೆಲಸ ಬಿಟ್ಟು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಹೊರಟ. ಅವನ ಚಿತ್ರಗಳು ಈ ಹೆಸರನ್ನು ಜಗತ್ತಿಗೆ ಹರಡಿದವು. ಆದರೆ ಅದೇ ದೇಶದಲ್ಲಿ 2008ರ ಆರ್ಥಿಕ ಕುಸಿತದ ನಂತರ ಮನೆ ಕಳಕೊಂಡ ಎಷ್ಟೋ ವಯಸ್ಸಾದವರೂ ವ್ಯಾನಿನಲ್ಲಿ ಬದುಕಬೇಕಾಯಿತು. ಜೆಸ್ಸಿಕಾ ಬ್ರೂಡರ್ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಪುಸ್ತಕದಲ್ಲಿ ಬರೆದದ್ದು ಇವರ ಕಥೆಯನ್ನೇ. ಅದೇ ಹೆಸರಿನ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಒಬ್ಬನಿಗೆ ಶೋಕಿ, ಇನ್ನೊಬ್ಬರಿಗೆ ಗತಿ. ವ್ಯತ್ಯಾಸ ಇರುವುದು ತಿರುಗಿ ಬರಲಿಕ್ಕೆ ಒಂದು ಮನೆ ಉಂಟೋ ಇಲ್ಲವೋ ಎನ್ನುವುದರಲ್ಲಿ.

ಆರ್‌ಸಿ ಮೊದಲು, ಹಾಸಿಗೆ ಆಮೇಲೆ

ನಮ್ಮಲ್ಲಿ ಮೊದಲ ಪೆಟ್ಟು ಬೀಳುವುದು ಕಾನೂನಿನಿಂದ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದ್ದು ಕೇರಳದ್ದೇ ಒಂದು ಪ್ರಕರಣದಲ್ಲಿ. ಸೀಟು ಕಿತ್ತು ಮಂಚ ಕೂರಿಸುವ ಮೊದಲು ಆರ್‌ಟಿಒ ಅನುಮತಿ ಬೇಕು, ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. 2021ರ ಆಗಸ್ಟಿನಲ್ಲಿ ಪಕ್ಕದ ಕಣ್ಣೂರಿನಲ್ಲಿ ಏನಾಯಿತು? ವ್ಯಾನಿನಲ್ಲಿ ತಿರುಗಿ ಹೆಸರು ಮಾಡಿದ್ದ ಇಬ್ಬರು ಯೂಟ್ಯೂಬ್ ಸಹೋದರರ ವಾಹನವನ್ನು ಇಲಾಖೆ ವಶಪಡಿಸಿಕೊಂಡಿತು. ಕಚೇರಿಯಲ್ಲಿ ಗಲಾಟೆಯಾಗಿ ಅವರ ಬಂಧನವೂ ಆಯಿತು. ಲಕ್ಷಗಟ್ಟಲೆ ಜನ ನೋಡುತ್ತಿದ್ದಾರೆ ಅಂತ ಕಾನೂನು ಸುಮ್ಮನಿರುವುದಿಲ್ಲ. ಅನುಮತಿ ಇಲ್ಲದ ಮಾರ್ಪಾಡು ಮಾಡಿದ್ದರೆ ಅಪಘಾತವಾದಾಗ ವಿಮೆ ಸಿಗುವುದೂ ಕಷ್ಟ.

ಗಡಿನಾಡಿನವರಿಗೆ ಇನ್ನೊಂದು ವಿಚಾರ ಹೊಸತಲ್ಲ. ಕೆಎಲ್ 14 ನಂಬರಿನ ಗಾಡಿಯನ್ನು ತಲಪಾಡಿ ದಾಟಿಸಿ ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿಯ ನೋಂದಣಿ ಮಾಡಿಸಬೇಕು, ತೆರಿಗೆ ಕಟ್ಟಬೇಕು. 2021ರಲ್ಲಿ ಬಂದ 'ಬಿಎಚ್' ಸರಣಿಯ ನಂಬರು ಪಡೆಯಲು ಸರಕಾರಿ ಕೆಲಸವೋ, ನಾಲ್ಕಾದರೂ ರಾಜ್ಯಗಳಲ್ಲಿ ಕಚೇರಿ ಇರುವ ಕಂಪೆನಿಯ ಕೆಲಸವೋ ಇರಬೇಕು. ಕೆಲಸ ಬಿಟ್ಟ ಮೇಲೆ ಹೊಸದಾಗಿ ಕೇಳಿದರೆ ಸಿಗುವುದಿಲ್ಲ. ರಾಜೀನಾಮೆ ಬರೆಯುವ ಮೊದಲು ಇದು ಗೊತ್ತಿರಬೇಕಲ್ಲವೇ?

ಕಾನೂನಿಗಿಂತ ದೊಡ್ಡದು ಜೀವ. 2024ರ ಡಿಸೆಂಬರಿನಲ್ಲಿ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಎಸಿಗಾಗಿ ಓಡಿಸಿದ್ದ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣ ಎಂದು ತಜ್ಞರ ಪರಿಶೀಲನೆಯಲ್ಲಿ ಕಂಡುಬಂತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿ ಜನರೇಟರನ್ನೋ ಒಲೆಯನ್ನೋ ಉರಿಸಿ ನಿದ್ದೆ ಮಾಡುವ ಕೆಲಸ ಯಾರೂ ಮಾಡಬಾರದು.

ಮನೆಯ ಲೆಕ್ಕ

ಸಂಬಳ ನಿಂತರೆ ಸಂಬಳ ಮಾತ್ರ ನಿಲ್ಲುವುದಿಲ್ಲ. ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಗ್ರಾಚ್ಯುಟಿ ಇಲ್ಲ. ಭವಿಷ್ಯನಿಧಿಯ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಒಂಬತ್ತನೇ ವರ್ಷದಲ್ಲಿ ಹೊರಡುವವನು ಇನ್ನೊಂದು ವರ್ಷ ಕಾದರೆ ಏನೂ ಮುಳುಗಿ ಹೋಗುವುದಿಲ್ಲ. ಕಂಪೆನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರೂ ಇದ್ದರೆ, ಮಗ ಲಡಾಖ್ ತಲುಪುವಾಗ ಇಲ್ಲಿ ಅವರ ರಕ್ಷಣೆಯೂ ಹೋಗಿರುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಇಬ್ಬರೇ. ಮಂಗಳೂರಿನ ಆಸ್ಪತ್ರೆಗೆ ಅವರನ್ನು ಕರಕೊಂಡು ಹೋಗುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಬೇಕು.

ವಿಳಾಸದ ಮಾತೂ ಉಂಟು. 2025ರ ನವೆಂಬರಿನಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಆರಂಭವಾದಾಗ ಬಿಎಲ್‌ಒಗಳು ಫಾರಂ ಹಿಡಿದು ಬಂದದ್ದು ಮನೆ ಬಾಗಿಲಿಗೆ. ತಾತ್ಕಾಲಿಕವಾಗಿ ಊರಲ್ಲಿಲ್ಲ ಎಂಬ ಕಾರಣಕ್ಕೆ ಮತದ ಹಕ್ಕು ಹೋಗುವುದಿಲ್ಲ, ನಿಜ. ಆದರೆ ಇಂಥವನು ನಮ್ಮವನೇ, ಬರುತ್ತಾನೆ ಅಂತ ಹೇಳಲಿಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಕು.

ಮೇಳದ ಹಾಗೆ ಹೋಗಿ ಬನ್ನಿ

ಅಲೆದಾಟ ನಮಗೇನೂ ಹೊಸತಲ್ಲ. ನಮ್ಮ ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ತಿಂಗಳುಗಟ್ಟಲೆ ಊರಿಂದೂರಿಗೆ ತಿರುಗುತ್ತವೆ. ಇವತ್ತು ಇಲ್ಲಿ ಆಟ, ನಾಳೆ ಇನ್ನೆಲ್ಲೋ. ಆದರೆ ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದರೆ ಗೆಜ್ಜೆ ಬಿಚ್ಚಲೇಬೇಕು. ಮಳೆಗಾಲದಲ್ಲಿ ಕಲಾವಿದರು ಮನೆಯಲ್ಲಿ, ಗದ್ದೆ ತೋಟದಲ್ಲಿ. ಮರುವರ್ಷ ಮತ್ತೆ ತಿರುಗಾಟ. ಹೊರಡುವ ದಿನದಷ್ಟೇ ನಿಲ್ಲುವ ದಿನವೂ ಗಟ್ಟಿ. ವ್ಯಾನ್ ಹತ್ತುವವರಿಗೂ ಇಂಥದ್ದೊಂದು ಪತ್ತನಾಜೆ ಬೇಕು.

ಕೊಚ್ಚಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ವಿಜಯನ್, ಮೋಹನಾ ದಂಪತಿಯನ್ನೇ ನೋಡಿ. ಸಾಲ ಮಾಡಿ ವಿದೇಶಕ್ಕೆ ಹೋಗುವುದು, ಬಂದು ಚಹಾ ಮಾರಿ ಸಾಲ ತೀರಿಸುವುದು, ಮತ್ತೆ ಹೊರಡುವುದು. ವಿಜಯನ್ 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಬ್ಬರೂ 25ಕ್ಕೂ ಹೆಚ್ಚು ದೇಶ ನೋಡಿ ಆಗಿತ್ತು. ಅಂಗಡಿ ಮುಚ್ಚಿ ಹೋಗಿದ್ದರೆ ಒಂದೇ ಪ್ರಯಾಣಕ್ಕೆ ಎಲ್ಲ ಮುಗಿಯುತ್ತಿತ್ತು.

ಆದ್ದರಿಂದ ಯುವಕರಿಗೆ ನಮ್ಮ ಸಲಹೆ ಇಷ್ಟೇ: ಮೊದಲು ಸಂಬಳವಿಲ್ಲದ ರಜೆ ಕೇಳಿ ನೋಡಿ. ಬಾಡಿಗೆ ವಾಹನದಲ್ಲಿ ಒಂದು ತಿಂಗಳು ತಿರುಗಿ, ಒಂದು ಮಳೆಗಾಲ ಅದರಲ್ಲೇ ಮಲಗಿ ನೋಡಿ. ಆಮೇಲೂ ಮನಸ್ಸು ಬದಲಾಗದಿದ್ದರೆ ಒಂದು ವರ್ಷದ ಖರ್ಚು ಬೇರೆ ಇಟ್ಟು, ಅಪ್ಪ ಅಮ್ಮನಿಗೆ ವಿಮೆ ಮಾಡಿಸಿ, ಊರಿನ ಜಾಗ ಮಾರದೆ ಹೊರಡಿ. ಹಿರಿಯರಲ್ಲೂ ಒಂದು ಮಾತು: ಇಷ್ಟೆಲ್ಲ ಮಾಡಿ ಹೊರಟವನನ್ನು ಪೋಕರಿ ಅನ್ನಬೇಡಿ. ಬರುವ ಪತ್ತನಾಜೆಗೆ ಅವನ ಕೋಣೆ ಗುಡಿಸಿಡಿ.