ಬಾಟಲಿಯ ಹಿಂದಿನ ಮಗು

ವಾರದ ಬಟವಡೆಯಾದ ಮರುದಿನ ಯಾವ ಮಗು ಹಸಿದು ಬರುತ್ತದೆ, ಯಾವುದು ನಿದ್ದೆಗಣ್ಣಿನಲ್ಲಿ ಬರುತ್ತದೆ, ಯಾವುದು ಬರುವುದೇ ಇಲ್ಲ ಎಂಬುದನ್ನು ಅಂಗನವಾಡಿ ಕಾರ್ಯಕರ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ, ಅಮರಗೋಳದ ಮಾರುಕಟ್ಟೆಯಲ್ಲಿ ದುಡಿದು ಬರುವವರ ಓಣಿಗಳಲ್ಲಿ ಆಕೆ ದಿನವೂ ಓಡಾಡುತ್ತಾಳೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಯಾರ ಲೆಕ್ಕ ಏರಿದೆ, ಯಾರ ಮನೆಯ ಬಂಗಾರ ಒತ್ತೆ ಬಿದ್ದಿದೆ ಎಂಬುದೂ ಅವಳ ಕಿವಿಗೆ ಬಿದ್ದಿರುತ್ತದೆ. ಕುಡಿತ ಬಂಗಲೆಗಳಲ್ಲೂ ಇದೆ. ಅಲ್ಲಿಯ ಬಾಗಿಲು ಗಟ್ಟಿ, ಸದ್ದು ಹೊರಗೆ ಕೇಳಿಸುವುದಿಲ್ಲ, ಅಷ್ಟೆ.

ಗೊತ್ತಾದ ಮೇಲೆ ಮಾಡುವುದೇನು? ಮಗುವನ್ನು ತೂಗುವುದು, ಬೆಳವಣಿಗೆಯ ನಕ್ಷೆ ತುಂಬುವುದು, ಲಸಿಕೆಯ ದಿನ ನೆನಪಿಸುವುದು, ಪೌಷ್ಟಿಕ ಆಹಾರ ಹಂಚುವುದು ಇವೆಲ್ಲ ಆಕೆಗೆ ಕಲಿಸಿದ ಕೆಲಸಗಳು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂದಿನಿಂದ ಎರಡು ತಲೆಮಾರಿನ ಕಾರ್ಯಕರ್ತೆಯರು ತೂಕದ ಮುಳ್ಳು ಓದುವುದನ್ನು ಕಲಿತಿದ್ದಾರೆ. ಮಗುವಿನ ತೂಕ ಇಳಿಯಲು ಅಪ್ಪನ ಕುಡಿತ ಕಾರಣವಾಗಿದ್ದರೆ ಆ ಮನೆಯ ಹೊಸ್ತಿಲಲ್ಲಿ ನಿಂತು ಏನು ಮಾತಾಡಬೇಕು ಎಂಬುದು ಮಾತ್ರ ಅವರವರ ಧೈರ್ಯಕ್ಕೆ, ಅನುಭವಕ್ಕೆ ಬಿಟ್ಟ ವಿಷಯವಾಗಿದೆ. ಇದನ್ನೂ ತೂಕ ನೋಡುವಷ್ಟೇ ಕ್ರಮವಾಗಿ ಕಲಿಸಬಹುದು, ಕಲಿಸಬೇಕು.

ಸಮಸ್ಯೆ ಸಣ್ಣದಲ್ಲ. ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನ ಭಾರತೀಯರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಇವರಲ್ಲಿ ಸುಮಾರು 5.7 ಕೋಟಿ ಜನರಿಗೆ ಅದು ಚಟವಾಗಿದೆ ಅಥವಾ ಹಾನಿ ಮಾಡುವ ಮಟ್ಟ ಮುಟ್ಟಿದೆ. ಇದು ಕುಡಿಯುವವರ ಲೆಕ್ಕ. ಅವರ ಮನೆಯ ಹೆಂಡತಿ, ಮಕ್ಕಳು, ಮುದುಕರು ಈ ಲೆಕ್ಕದಲ್ಲಿಲ್ಲ.

ಮಕ್ಕಳ ಮೇಲೆ ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. 9,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಲಾಯಿತು: ಮನೆಯಲ್ಲಿ ಕುಡುಕರಿದ್ದರೇ, ತಾಯಿಗೆ ಹೊಡೆತ ಬೀಳುತ್ತಿತ್ತೇ, ಮನೆಯವರು ಯಾರಾದರೂ ಜೈಲಿಗೆ ಹೋಗಿದ್ದರೇ? ಇಂಥ ಕಹಿ ಅನುಭವಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಸ್ವತಃ ಚಟಕ್ಕೆ ಬೀಳುವ ಸಂಭವ ಎಲ್ಲವೂ ಹೆಚ್ಚಿದ್ದವು. ದಿನವೂ ಹೆದರಿಕೆಯಲ್ಲಿ ಬೆಳೆಯುವ ಮಗುವಿನ ದೇಹ ಸದಾ ಓಡಲು ಸಿದ್ಧವಾಗಿರುತ್ತದೆ. ರಾತ್ರಿ ಬಾಗಿಲ ಚಿಲಕದ ಸದ್ದಿಗೆ ಎದೆ ಹೊಡೆದುಕೊಳ್ಳುವ ಹುಡುಗನಿಗೆ ಮುಂಜಾನೆ ಮಗ್ಗಿ ತಲೆಗೆ ಹತ್ತದಿದ್ದರೆ ಆಶ್ಚರ್ಯವಿಲ್ಲ. ಸಾಲಿಯಲ್ಲಿ ಅವನಿಗೆ ಬೀಳುವ ಹೆಸರು ಮಾತ್ರ ‘ದಡ್ಡ’.

ಇಂಥ ಮನೆಗೆ ಹೋಗುವವರು ಅಂಗನವಾಡಿ ಕಾರ್ಯಕರ್ತೆಯರಷ್ಟೇ ಅಲ್ಲ. ಆಶಾ ಕಾರ್ಯಕರ್ತೆಯರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ, ಮಕ್ಕಳ ಸಹಾಯವಾಣಿಯವರು, ಮಕ್ಕಳ ಕಲ್ಯಾಣ ಸಮಿತಿಯವರು ಎಲ್ಲರಿಗೂ ಒಂದಿಲ್ಲೊಂದು ದಿನ ಈ ಬಾಗಿಲು ಎದುರಾಗುತ್ತದೆ. ತರಬೇತಿಯಿಲ್ಲದೆ ಹೋದವರು ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ಮಾಡುತ್ತಾರೆ. ಕುಡಿಯುವವನಿಗೆ ಎಲ್ಲರೆದುರು ಬುದ್ಧಿ ಹೇಳುತ್ತಾರೆ. ಇಲ್ಲವೆ ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸುತ್ತಾರೆ. ಇಲ್ಲವೆ ಮಗುವನ್ನು ಬಾಲಮಂದಿರಕ್ಕೆ ಒಯ್ಯುವ ಮಾತಾಡುತ್ತಾರೆ. ಮೂರೂ ಒಳ್ಳೆಯ ಮನಸ್ಸಿನಿಂದಲೇ ಬಂದವು. ಬುದ್ಧಿ ಹೇಳಿಸಿಕೊಂಡವನ ಸಿಟ್ಟು ಅಂದು ರಾತ್ರಿ ಹೆಂಡತಿಯ ಮೇಲೆ ತಿರುಗುತ್ತದೆ. ಆಣೆ ಮುರಿದಾಗ ತನ್ನ ತಲೆ ಮುಟ್ಟಿದ್ದಕ್ಕೇ ಕೇಡಾಯಿತೆಂದು ಮಗು ನಂಬುತ್ತದೆ. ಮಗುವನ್ನು ಒಯ್ಯುತ್ತಾರೆಂದು ಕೇಳಿದ ತಾಯಿ ಮರುದಿನದಿಂದ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ತರಬೇತಿಯ ಮೊದಲ ಪಾಠ ಶರೀರ ವಿಜ್ಞಾನದ್ದೇ ಆಗಬೇಕು. ಮಿದುಳನ್ನು ಒಂದು ತಕ್ಕಡಿ ಎಂದುಕೊಳ್ಳಬಹುದು. ಒಂದು ಪರಡಿಯಲ್ಲಿ ಶಾಂತಗೊಳಿಸುವ ರಾಸಾಯನಿಕಗಳು, ಇನ್ನೊಂದರಲ್ಲಿ ಉದ್ರೇಕಿಸುವ ರಾಸಾಯನಿಕಗಳು. ಮದ್ಯ ಶಾಂತಗೊಳಿಸುವ ಪರಡಿಗೆ ಭಾರ ಹಾಕುತ್ತದೆ. ದಿನವೂ ಹೀಗಾದಾಗ ಸಮತೋಲ ಕಾಯಲು ಮಿದುಳು ತಾನೇ ಇನ್ನೊಂದು ಪರಡಿಗೆ ಭಾರ ಏರಿಸುತ್ತ ಹೋಗುತ್ತದೆ. ವರ್ಷಗಟ್ಟಲೆ ಕುಡಿದವನು ಒಮ್ಮೆಲೇ ಬಿಟ್ಟರೆ ಒಂದು ಕಡೆಯ ಭಾರ ತಟ್ಟನೆ ಇಳಿದು ಉದ್ರೇಕದ ಪರಡಿ ದಬ್ಬನೆ ಕೆಳಗೆ ಬೀಳುತ್ತದೆ. ಕೆಲವು ತಾಸುಗಳಲ್ಲೇ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ದಿಕ್ಕು ತಪ್ಪುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣ ಹೋಗುವುದೂ ಉಂಟು. ಮುಂಜಾನೆಯಿಂದಲೇ ಕುಡಿಯಬೇಕಾಗುವವನಿಗೆ ‘ನಾಳೆಯಿಂದ ಬಿಡು’ ಎನ್ನುವುದು ಸರಿಯಾದ ಸಲಹೆಯಲ್ಲ. ‘ನಾಳೆ ದವಾಖಾನೆಗೆ ಹೋಗೂನು’ ಎನ್ನುವುದು ಸರಿಯಾದದ್ದು. ಎಂಟು ದಿನ ಔಷಧದ ನೆರವಿನಿಂದ ದಾಟಬಹುದಾದ ಕಂಟಕವನ್ನು ಮನೋಬಲದ ಪರೀಕ್ಷೆಯೆಂದು ತಿಳಿದು ಎಷ್ಟೋ ಮನೆಗಳು ಪೆಟ್ಟು ತಿಂದಿವೆ.

ಇನ್ನೊಂದು ವಿಷ ಮಕ್ಕಳದೇ. ಪಂಕ್ಚರ್ ಅಂಟು, ವೈಟ್ನರ್ ಮೂಸುವ ಚಟ. 2019ರ ಅದೇ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದ ಮಾದಕ ಇದೊಂದೇ, ಸುಮಾರು 4.6 ಲಕ್ಷ ಮಕ್ಕಳಿಗೆ ಇದಕ್ಕಾಗಿ ನೆರವು ಬೇಕೆಂದು ಅದು ಅಂದಾಜು ಮಾಡಿತು. ಅಂಟಿನ ಟಾಲ್ಯುಯೀನ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ದ್ರವ. ಮಿದುಳಿನಲ್ಲಿ ಕೊಬ್ಬಿನಂಶ ಹೆಚ್ಚು. ಆದ್ದರಿಂದ ಮೂಸಿದ ಕೆಲವೇ ಕ್ಷಣಗಳಲ್ಲಿ ಅಮಲು ಏರುತ್ತದೆ. ಅದೇ ಹೊತ್ತಿಗೆ ಹೃದಯವೂ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವ ಸ್ಥಿತಿಗೆ ಬಂದಿರುತ್ತದೆ. ರೈಲು ನಿಲ್ದಾಣದ ಹೊರಗೆ ಅಂಥ ಹುಡುಗನನ್ನು ಗದರಿಸಿ ಬೆನ್ನಟ್ಟಿದರೆ ಹೆದರಿಕೆ ಮತ್ತು ಓಟದಿಂದ ಹೃದಯದ ಲಯ ತಪ್ಪಿ ಅಲ್ಲೇ ಕುಸಿಯಬಹುದು. ಕೈಯಲ್ಲಿಯ ಚಿಂದಿಯನ್ನು ಸಮಾಧಾನದಿಂದ ತೆಗೆದು, ಗಾಳಿಯಾಡುವಲ್ಲಿ ಕೂರಿಸಿ, ಮೆಲ್ಲಗೆ ಮಾತಾಡಿಸಬೇಕು. ಹಿಡಿಯುವುದು ಹೇಗೆಂದು ಗೊತ್ತಿಲ್ಲದವರು ಹಿಡಿಯಲು ಹೋಗಬಾರದು.

ಎರಡನೆಯ ಪಾಠ ಮಾತಿನದು. ‘ನಿನ್ನ ಗಂಡ ಕುಡೀತಾನೇನ?’ ಎಂದು ನೇರವಾಗಿ ಕೇಳಿದರೆ ಬರುವ ಉತ್ತರ ಒಂದೇ: ‘ಹಂಗೇನಿಲ್ರಿ ಅಕ್ಕಾರ, ಎಲ್ಲಾ ಚೊಲೋ ಐತ್ರಿ.’ ಅದೇ ಕಾರ್ಯಕರ್ತೆ ಕಟ್ಟೆಯ ಮೇಲೆ ಕುಳಿತು, ‘ಅವರ ವಿಷಯ ಆಮ್ಯಾಲೆ ಮಾತಾಡೂಣವಾ, ಮೊದಲ ನೀ ಹೆಂಗದಿ ಹೇಳು’ ಎಂದರೆ ಮಾತಿನ ದಿಕ್ಕೇ ಬೇರೆಯಾಗುತ್ತದೆ. ಇಂಗ್ಲೆಂಡಿನಲ್ಲಿ ವ್ಯಸನಿಗಳ ಮನೆಯವರಿಗಾಗಿಯೇ ರೂಪಿಸಿದ ಐದು ಹೆಜ್ಜೆಗಳ ವಿಧಾನವೊಂದಿದೆ. ಮೊದಲು ಕೇಳಿಸಿಕೊಳ್ಳುವುದು. ನಂತರ ಚಟವೆಂದರೇನೆಂದು ಸರಳವಾಗಿ ತಿಳಿಸುವುದು. ಮೂರನೆಯದಾಗಿ, ಇಷ್ಟು ದಿನ ಮನೆಯವರು ಹೇಗೆ ನಿಭಾಯಿಸಿದರು, ಯಾವುದರಿಂದ ಒಳ್ಳೆಯದಾಯಿತು, ಯಾವುದು ತಿರುಗಿ ಬಡಿಯಿತು ಎಂದು ಜೊತೆಗೇ ಕುಳಿತು ಲೆಕ್ಕ ಹಾಕುವುದು. ನಾಲ್ಕನೆಯದಾಗಿ, ಅಜ್ಜಿ, ಸೋದರಮಾವ, ನೆರೆಮನೆ, ಸ್ವಸಹಾಯ ಸಂಘ ಹೀಗೆ ಆಸರೆಯಾಗಬಲ್ಲವರನ್ನು ಗುರುತಿಸುವುದು. ಕೊನೆಗೆ, ಇನ್ನೇನು ನೆರವು ಬೇಕೋ ಅಲ್ಲಿಗೆ ದಾರಿ ತೋರುವುದು. ಕುಡಿಯುವವನು ಬಿಡಲಿ ಬಿಡದಿರಲಿ, ಈ ಐದು ಹೆಜ್ಜೆಗಳಲ್ಲಿ ಯಾವುದೂ ಅವನ ಒಪ್ಪಿಗೆಗೆ ಕಾಯುವುದಿಲ್ಲ.

ಮಗುವಿನೊಡನೆ ಆಡುವ ಮಾತು ಇನ್ನೂ ಸಣ್ಣದು. ತಾನು ಹಟ ಮಾಡಿದ್ದಕ್ಕೇ, ಕಡಿಮೆ ಅಂಕ ತಂದಿದ್ದಕ್ಕೇ ಅಪ್ಪ ಕುಡಿದು ಬಂದನೆಂದು ಬಹಳ ಮಕ್ಕಳು ಒಳಗೊಳಗೇ ನಂಬಿರುತ್ತಾರೆ. ‘ಇದರಾಗ ನಿಂದೇನೂ ತಪ್ಪಿಲ್ಲ ತಂಗೀ’ ಎಂಬ ಮಾತು ಆ ಹುಡುಗಿಗೆ ಆವರೆಗೆ ಯಾರಿಂದಲೂ ಸಿಕ್ಕಿರುವುದಿಲ್ಲ. ಬಳಿಕ ಕೇಳಬೇಕಾದದ್ದು: ಗಲಾಟೆಯಾದ ರಾತ್ರಿ ಎಲ್ಲಿ ಮಲಗುತ್ತಿ? ಯಾರ ಮನೆಗೆ ಓಡಬಹುದು? ಯಾರ ನಂಬರು ಬಾಯಿಪಾಠ ಬರುತ್ತದೆ? ಉತ್ತರವಿಲ್ಲದಿದ್ದರೆ ಅಂದೇ ಒಂದು ಉತ್ತರ ಹುಡುಕಿಕೊಟ್ಟು ಏಳಬೇಕು.

ಮೂರನೆಯ ಪಾಠ ಕಾನೂನಿನದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ತಾಸುಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಡುವವರಿಗೆ 7 ವರ್ಷಗಳವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು. ‘ಅಪ್ಪಗ ಒಂದ ಪೊಟ್ಟಣ ತಗೊಂಡ ಬಾ’ ಎಂದು ಹುಡುಗನ ಕೈಗೆ ರೊಕ್ಕ ಕೊಡುವವರೂ, ಅವನ ಕೈಗೆ ಮಾರುವವರೂ ಇದನ್ನು ತಿಳಿದಿರಬೇಕು. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕೊಟ್ಟಕೊನೆಯ ಉಪಾಯ ಎಂಬುದನ್ನೂ ಅದೇ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ತಡಮಾಡದೆ ಮಗುವನ್ನು ಹೊರತರಬೇಕು. ಉಳಿದ ಕಡೆ ಅಜ್ಜಿಯ ಮನೆಯೋ ತಾಯಿಯ ಬಲವೋ ಸಾಕಾಗಬಹುದು. ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಅರ್ಹ ಬಡ ಕುಟುಂಬದ ಮಗುವಿಗೆ ಪ್ರಾಯೋಜಕತ್ವದ ರೂಪದಲ್ಲಿ ತಿಂಗಳಿಗೆ 4,000 ರೂ. ನೆರವು ಸಿಗಲು ಅವಕಾಶವಿದೆ. ಹೊಡೆತ ತಿನ್ನುವ ತಾಯಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ಇದೆ. ಅಪಾಯದ ಮನೆಗೂ ಕಷ್ಟದ ಮನೆಗೂ ಇರುವ ವ್ಯತ್ಯಾಸ ಗುರುತಿಸುವುದೇ ಈ ಪಾಠದ ತಿರುಳು.

ಇಷ್ಟೆಲ್ಲ ಸಾಮಾನ್ಯರಿಗೆ ಕಲಿಸಲು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ದೂರ ಹುಡುಕಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಘಟ್ಟದ ಕೆಳಗಿನ ಗೋವೆಯಲ್ಲಿ ಮನೋವೈದ್ಯದ ಪದವಿಯಿಲ್ಲದ ಸ್ಥಳೀಯರನ್ನೇ ಆಪ್ತಸಲಹೆಗಾರರನ್ನಾಗಿ ತರಬೇತಿಗೊಳಿಸಿ, ಹಾನಿಕರವಾಗಿ ಕುಡಿಯುವ 377 ಗಂಡಸರ ಮೇಲೆ ಪರೀಕ್ಷೆ ನಡೆಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ನಂತರ ಆ ಸಲಹೆ ಪಡೆದವರಲ್ಲಿ ಶೇ. 36ರಷ್ಟು ಜನ ಹಾನಿಕರ ಕುಡಿತದಿಂದ ಹೊರಬಂದಿದ್ದರು, ಪಡೆಯದವರಲ್ಲಿ ಶೇ. 26. ಪವಾಡವೇನಲ್ಲ, ಆದರೆ ನಾಲ್ಕಕ್ಕೆ ಮೀರದ ಭೇಟಿಗಳಿಂದ ಬಂದ ಫಲ. 2020ರಲ್ಲಿ ನಿಮ್ಹಾನ್ಸ್‌ನಲ್ಲೇ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ‘ಸಂವಾದ್’ ಎಂಬ ಘಟಕ ಆರಂಭವಾಯಿತು. ಸಂಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವ ಸಿಬ್ಬಂದಿಗೆ ತರಬೇತಿ ಕೊಡುವುದೇ ಅದರ ಕೆಲಸ.

ಹುಬ್ಬಳ್ಳಿ–ಧಾರವಾಡಕ್ಕೆ ಸಾಧನಗಳ ಕೊರತೆಯಿಲ್ಲ. ಬ್ರಿಟಿಷರ ಕಾಲದ ಮನೋರೋಗಿಗಳ ಆಸ್ಪತ್ರೆಯಿಂದ ಬೆಳೆದ ಡಿಮ್ಹಾನ್ಸ್ ಧಾರವಾಡದಲ್ಲಿದೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆ ಹುಬ್ಬಳ್ಳಿಯಲ್ಲಿ, ಎಸ್‌ಡಿಎಂ ವೈದ್ಯಕೀಯ ಕಾಲೇಜು ಸತ್ತೂರಿನಲ್ಲಿ, ಸಮಾಜಕಾರ್ಯ ವಿಭಾಗ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇವೆ. ಚಟ ಬಿಡಿಸುವ ಪರಂಪರೆಯೂ ಈ ಸೀಮೆಗೆ ಹೊಸದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಕಾಳು ಕಡಿ ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಊರೂರು ತಿರುಗಿದರು. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳೂ ನಾಡಿನುದ್ದಕ್ಕೂ ನಡೆದಿವೆ. ಇವೆಲ್ಲ ಕುಡಿಯುವವನನ್ನು ಕೇಂದ್ರದಲ್ಲಿಟ್ಟ ಪ್ರಯತ್ನಗಳು, ಬೇಕಾದವೂ ಹೌದು. ಶಿಬಿರ ಮುಗಿಸಿ ಅವನು ಮನೆಗೆ ಬಂದ ಮೇಲೆ ಮಕ್ಕಳ ಎದೆಬಡಿತ ಇಳಿಯಿತೇ, ಸಾಲಿಗೆ ಹೋಗತೊಡಗಿದರೇ ಎಂದು ನೋಡುವವರು ಬೇಕು. ವೈದ್ಯರು, ಸಮಾಜಕಾರ್ಯದ ಅಧ್ಯಾಪಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಒಂದೆಡೆ ಕೂತರೆ ಕನ್ನಡದಲ್ಲೇ, ಇಲ್ಲಿಯ ಆಡುಮಾತಿನಲ್ಲೇ ಮೂರು ದಿನಗಳ ಪಾಠ ಸಿದ್ಧವಾಗುತ್ತದೆ. ವರ್ಷಕ್ಕೊಮ್ಮೆ ಅದನ್ನು ತಿರುವಿ ಹಾಕಬೇಕು.

ಆ ಪಾಠದಲ್ಲಿ ಕಾರ್ಯಕರ್ತೆಯ ಬಗ್ಗೆಯೂ ಒಂದು ತಾಸು ಇರಲಿ. ಆಕೆ ಬೇರೆ ಗ್ರಹದವಳಲ್ಲ. ಅವಳ ಮನೆಯಲ್ಲೂ ಕುಡಿಯುವ ಗಂಡನೋ ತಮ್ಮನೋ ಇರಬಹುದು. ಒಬ್ಬಳೇ ರಾತ್ರಿ ಹೊತ್ತು ಗಲಾಟೆಯ ಮನೆಗೆ ಹೋಗಬಾರದು, ಕೇಳಿದ ಗುಟ್ಟು ನಳದ ಹತ್ತಿರ ಆಡಬಾರದು, ಭಾರವಾದಾಗ ಹೇಳಿಕೊಳ್ಳಲು ಮೇಲ್ವಿಚಾರಕಿ ಇರಬೇಕು ಎಂಬುವೂ ತರಬೇತಿಯ ಭಾಗಗಳೇ. ಕಡಿಮೆ ಗೌರವಧನದಲ್ಲಿ ಹಲವು ರಜಿಸ್ಟರುಗಳನ್ನು ತುಂಬುವವಳ ಮೇಲೆ ಇನ್ನೊಂದು ರಜಿಸ್ಟರು ಹೇರಿ ಅದನ್ನೇ ತರಬೇತಿ ಎಂದರೆ ಆಗದು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೂ ಹಿಂಬಾಲಿಸಿ ನೋಡಿದರು. ಬಡತನ, ಜಗಳ, ತಂದೆತಾಯಿಯ ಕುಡಿತ ಮುಂತಾದ ಹಲವು ಕಷ್ಟಗಳು ಒಟ್ಟಿಗೆ ಸೇರಿದ್ದ ಮನೆಗಳ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಗಟ್ಟಿಯಾಗಿ, ನೆಮ್ಮದಿಯಾಗಿ ಬೆಳೆದಿದ್ದರು. ಅಂಥವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ಅವರನ್ನು ನೆಚ್ಚಿ ಜೊತೆಗೆ ನಿಂತ ಒಬ್ಬ ಹಿರಿಯರು. ಅಜ್ಜಿಯೋ, ಅತ್ತೆಯೋ, ಮಾಸ್ತರರೋ, ನೆರೆಯವರೋ. ನಮ್ಮ ಓಣಿಗಳಲ್ಲಿ ಆ ಹಿರಿಯರನ್ನು ಹುಡುಕಿ ಮಗುವಿನ ಪಕ್ಕ ನಿಲ್ಲಿಸುವ ಕೆಲಸ ತರಬೇತಿ ಪಡೆದ ಕಾರ್ಯಕರ್ತೆಯದು; ಎಷ್ಟೋ ಸಲ ಆ ಹಿರಿಯಳೂ ಅವಳೇ.

ಮಗು ಅಪಾಯದಲ್ಲಿದ್ದರೆ 1098, ಚಟ ಬಿಡಿಸುವ ಸಲಹೆಗೆ 14446, ಮನಸ್ಸಿನ ತೊಳಲಾಟಕ್ಕೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416. ಮೂರೂ ಉಚಿತ. ಅಂಗನವಾಡಿಯ ಗೋಡೆಯ ಮೇಲೆ, ಮಕ್ಕಳಿಗೆ ಎಟುಕುವ ಎತ್ತರದಲ್ಲಿ ಈ ಸಂಖ್ಯೆಗಳನ್ನು ಬರೆಸಲು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ.