ನೆಲ ಕಿತ್ತುಕೊಂಡವರ ರಿಯಾಯಿತಿ

‘ಅರ್ಧ ದರಕ್ಕೆ ಹಾಡು ಕೇಳಿಸುತ್ತೇವೆ, ಬನ್ನಿ’ ಎಂದು ಕರೆಯುವ ಹೊಸ ದೊಡ್ಡಸ್ತಿಕೆಯೊಂದು ಶುರುವಾಗಿದೆ. ಪಟ್ಟಣದ ಪುಟ್ಟ ರಂಗಮಂದಿರ, ಇನ್ನೂರು ಮುನ್ನೂರು ಕುರ್ಚಿ, ಹಾಡುವವರ ಉಸಿರೂ ಕೇಳುವಷ್ಟು ಹತ್ತಿರ. ವಿದ್ಯಾರ್ಥಿಗಳಿಗೆ ರಿಯಾಯಿತಿ. ನಮ್ಮ ಕೆಲವು ಪ್ರಗತಿಪರ ಮಿತ್ರರು ಇದನ್ನೇ ಕ್ರಾಂತಿಯೆಂಬಂತೆ ಕೊಂಡಾಡುತ್ತಾರೆ. ಕದರಮಂಡಲಗಿಯ ಕೇರಿಯಲ್ಲಿ ನಿಂತು ನೋಡಿದರೆ ಈ ರಿಯಾಯಿತಿಯ ಬಣ್ಣ ಬೇರೆಯೇ ಕಾಣುತ್ತದೆ.

ಕಂಪನಿ ನಾಟಕದ ಕಾಲದಲ್ಲಿ ರಿಯಾಯಿತಿ ಎಂಬ ಶಬ್ದವೇ ಬೇಕಿರಲಿಲ್ಲ. ಕುರ್ಚಿ ಇತ್ತು, ಬೆಂಚಿತ್ತು, ನೆಲವಿತ್ತು. ಗದಗಿನ ಗರುಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಮೊದಲ್ಗೊಂಡು ಉತ್ತರ ಕರ್ನಾಟಕದಲ್ಲಿ ಕಂಪನಿ ಕಟ್ಟಿದವರಿಗೆಲ್ಲ ನೆಲದ ಮಂದಿಯ ಚಿಲ್ಲರೆ ಕಾಸಿನ ಬೆಲೆ ಗೊತ್ತಿತ್ತು. ನೆಲದವರು ‘ಒನ್ಸ್ ಮೋರ್’ ಅಂದರೆ ಸತ್ತು ಬಿದ್ದ ರಾಜನೂ ಎದ್ದು ಕೂತು ಹಾಡಬೇಕಿತ್ತು! ಅಲ್ಲೂ ಜಾತಿ ಇತ್ತು, ಹಣದ ತಾರತಮ್ಯವಂತೂ ಟಿಕೆಟ್ಟಿನ ಮೇಲೇ ಅಚ್ಚಾಗಿತ್ತು. ಅದನ್ನು ಚಿನ್ನದ ಕಾಲವೆಂದು ನಾನು ಹಾಡಿ ಹೊಗಳುವುದಿಲ್ಲ. ಆದರೆ ನೆಲ ಯಾರ ಔದಾರ್ಯವೂ ಆಗಿರಲಿಲ್ಲ. ಕಾಸು ಕೊಟ್ಟು ಕೂತವನ ಜಾಗ ಅದು. ಹೊಸ ಸಭಾಂಗಣ ಮೊದಲು ನೆಲ ತೆಗೆಯಿತು, ಆಮೇಲೆ ರಿಯಾಯಿತಿ ಕೊಟ್ಟಿತು.

ಕೊಟ್ಟದ್ದಾದರೂ ಯಾರಿಗೆ? ಕಾಲೇಜಿನ ಗುರುತಿನ ಚೀಟಿ ಇದ್ದವರಿಗೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂತ ಹುಡುಗಿ, ಏಳನೇತ್ತಕ್ಕೇ ಸಾಲಿ ಬಿಟ್ಟಾಕಿ, ಯಾವ ಚೀಟಿ ತೋರಿಸಬೇಕು? ಆಕೆಯ ಕೈಯ ಉರಿ ತೋರಿಸಿದರೆ ಎಷ್ಟು ಕಡಿಮೆ ಮಾಡುತ್ತೀರಿ, ಸ್ವಾಮಿ? ಹೆಂಗೋ ಒಳಗ ಬಂದಳು ಅಂತ ತಿಳೀರಿ. ಕಾಯಿ ಘಾಟಿಗೆ ಗಂಟಲು ಕೆಟ್ಟಾಕಿ ಒಂದು ಸಲ ಕೆಮ್ಮಿದರ ಸಾಕು, ಇಡೀ ಮಂದಿರ ಹೊಳ್ಳಿ ನೋಡತೈತಿ.

2023ರ ಜೂನ್‌ನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಒಳ್ಳೆಯದೇ. ಹೋಗಾಕ ಬಸ್ಸೈತಿ. ರಾತ್ರಿ ಹತ್ತಕ್ಕ ಹಾಡು ಮುಗಿದ ಮ್ಯಾಲೆ ಹಳ್ಳಿಗೆ ಹೊಳ್ಳಿ ಬರಾಕ? ಟಿಕೆಟ್ಟಿನಲ್ಲಿ ಉಳಿದ ಅರ್ಧಕ್ಕೆ ಬಾಡಿಗೆ ಗಾಡಿಯ ಪೂರ್ತಿಯನ್ನು ಕೂಡಿಸಿ ಲೆಕ್ಕ ಹಾಕಿ.

ಸರಕಾರದ ಕರುಣೆಯೂ ಇದೇ ದಾರಿಯದು. ನಾಟಕ, ಸಂಗೀತದ ಟಿಕೆಟ್ಟಿಗಿದ್ದ ಜಿಎಸ್‌ಟಿ ವಿನಾಯಿತಿಯ ಮಿತಿಯನ್ನು 2018ರ ಜನವರಿಯಲ್ಲಿ 250 ರೂಪಾಯಿಯಿಂದ 500ಕ್ಕೆ ಏರಿಸಿದರು. ಟಿಕೆಟ್ಟೇ ಇಲ್ಲದೆ ಬೆಳತನಕ ಸಣ್ಣಾಟ ಆಡುವವರಿಗೆ, ಭಜನಿ ಮಾಡುವವರಿಗೆ, ಹಲಗಿ ಬಾರಿಸುವವರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ.

ಈ ಸಂಗೀತವಾದರೂ ಯಾರದು? ನಮ್ಮ ಜಿಲ್ಲೆಯ ಹಾನಗಲ್ಲನ್ನು ಹೆಸರಿನಲ್ಲಿ ಹೊತ್ತ ಗಂಗೂಬಾಯಿಯವರು 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧಿಯವರ ಮುಂದೆ ಹಾಡಿದಾಗ ಇನ್ನೂ ಹುಡುಗಿ. ಹಾಡಿದ ಮೇಲೆ ಎಂಜಲೆಲೆ ಎತ್ತಲು ಹೇಳುತ್ತಾರೇನೋ ಎಂಬ ಅಂಜಿಕೆ ಅವರಿಗಿತ್ತು; ಮುಂದೆ ಅವರೇ ಅದನ್ನು ಹೇಳಿಕೊಂಡಿದ್ದಾರೆ. ದನಿ ಬೇಕು, ದನಿಯವಳ ಜಾತಿ ಬೇಡ. ಇಂದೂ ಮೆರವಣಿಗೆಗೆ ಹಲಗಿ ಬೇಕು. ಬಾಗಿಲ ತನಕ ಬಾರಿಸಿಕೊಂಡು ಬಂದವನು ಬಾಗಿಲಲ್ಲೇ ಉಳಿಯುತ್ತಾನೆ, ಅವನಿಗೆ ಕೊಡುವ ಸಂಭಾವನೆ ಒಳಗಿನ ತಬಲದವನಿಗೆ ಕೊಟ್ಟದ್ದರ ಪಕ್ಕದಲ್ಲಿಡಲು ನಾಚಿಕೆಯಾಗಬೇಕು.

ಕನಕನ ಕಾಗಿನೆಲೆ ನಮ್ಮ ತಾಲೂಕಿನದೇ. ಉಡುಪಿಯಲ್ಲಿ ಗೋಡೆ ಒಡೆದು ಕಿಂಡಿಯಾಯಿತೆಂಬ ಕತೆಯನ್ನು ಪವಾಡವೆಂದು ಹೇಳುತ್ತಾರೆ. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಮಾತ್ರ ಕೇಳುವಂತಿಲ್ಲ. ಅರ್ಧ ದರದ ಟಿಕೆಟ್ಟು ಅಂಥ ಇನ್ನೊಂದು ಕಿಂಡಿ.

ಹಾಡೇ ಹಳ್ಳಿಗೆ ಬರಲಿ. ಬರಲಾಗದು ಅನ್ನಬೇಡಿ. ಹೆಗ್ಗೋಡಿನ ನೀನಾಸಮ್ ತಿರುಗಾಟ 1985ರಿಂದ ಊರೂರು ಸುತ್ತಿದೆ. ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ಹಳ್ಳಿಯಲ್ಲೇ ರಂಗಮಂದಿರ ಎದ್ದಿದೆ. ಕೂಲಿ ಮುಗಿಯುವ ಹೊತ್ತು ನೋಡಿ ಆಟ ಇಡಿ. ಮುಂದಿನ ನಾಲ್ಕು ಸಾಲು ಕುರ್ಚಿ ಎತ್ತಿ ಜಮಖಾನೆ ಹಾಸಿ. ಹಲಗಿಯವನಿಗೂ ತಬಲದವನಿಗೂ ಒಂದೇ ಸಂಭಾವನೆ ಕೊಡಿ.

ಮಾಸ್ತರರೇ, ಮುಂದಿನ ಸಲ ರಿಯಾಯಿತಿ ಚೀಟಿ ಹಂಚಲು ನಿಮ್ಮ ಶಾಲೆಗೆ ಬಂದವರನ್ನು ಹೊರಗೇ ನಿಲ್ಲಿಸಿ ಕೇಳಿ: ‘ಸಾಲಿ ಬಿಟ್ಟವರಿಗೆ ಎಷ್ಟು ತಂದೀರಿ?’