ಕೊಂಡಿ ಕಚ್ಚಿದೆಯೇ? ಬಗ್ಗಿ ನೋಡಿ

ನಮ್ಮ ಚಿಕ್ಕಪ್ಪ ಟ್ರೈಲರ್ ಲಾರಿ ಓಡಿಸುತ್ತಾರೆ. ನಮ್ಮದು ಚನ್ನಪಟ್ಟಣ ತಾಲ್ಲೂಕು. ಬಿಡದಿ, ಹಾರೋಹಳ್ಳಿ ಕಡೆಯ ಕಾರ್ಖಾನೆಗಳ ಸರಕನ್ನು ಚೆನ್ನೈ ಬಂದರಿಗೆ ಮುಟ್ಟಿಸಿ ಬರುವುದು ಅವರ ಕೆಲಸ. ಮಳೆಗಾಲದ ಒಂದು ರಾತ್ರಿ ಅವರು ಎಂದಿನಂತೆ ಮನೆಗೆ ಫೋನ್ ಮಾಡಲಿಲ್ಲ. ಮಾರನೇ ದಿನ ಬಂದವರು ತಟ್ಟೆಯ ಮುಂದೆ ಕುಳಿತರೂ ಸರಿಯಾಗಿ ಉಣ್ಣಲಿಲ್ಲ. ಚಿಕ್ಕಮ್ಮ ಮತ್ತೆ ಮತ್ತೆ ಕೇಳಿದ ಮೇಲೆ ಬಾಯಿಬಿಟ್ಟರು. ‘ಯಾರ್ಡಲ್ಲಿ ಟ್ರೈಲರ್ ಬಿದ್ದೋಯ್ತು. ಹುಡ್ಗ ಒಂದು ಹೆಜ್ಜೆ ಅಂತರದಲ್ಲಿ ಉಳ್ಕಂಡ.’

ಹುಡುಗ ಎಂದರೆ ಅವರ ಜೊತೆಗಿದ್ದ ಕ್ಲೀನರ್. ನನಗಿಂತ ಚಿಕ್ಕವನು. ರಾತ್ರಿ ಹನ್ನೊಂದರ ಮೇಲೆ, ಸುರಿಯುವ ಮಳೆಯಲ್ಲಿ, ತುಂಬಿ ನಿಂತಿದ್ದ ಟ್ರೈಲರ್‌ಗೆ ಚಿಕ್ಕಪ್ಪ ಎಂಜಿನ್ ಗಾಡಿಯನ್ನು ಹಿಂದಕ್ಕೆ ಕೊಟ್ಟಿದ್ದರು. ‘ಟಕ್’ ಎಂದು ಸದ್ದು ಬಂತು. ಹಿಡಿಯಿತು ಅಂದುಕೊಂಡರು. ಹುಡುಗ ಗಾಳಿ ಪೈಪು ಸಿಕ್ಕಿಸಿ, ಟ್ರೈಲರ್‌ನ ಕಾಲುಗಳನ್ನು ಮೇಲೆತ್ತಿ ಪಕ್ಕಕ್ಕೆ ಬಂದ. ಗಾಡಿ ನಾಲ್ಕು ಮಾರು ಮುಂದೆ ಹೋಗಿರಬೇಕು, ಅಷ್ಟರಲ್ಲಿ ಟ್ರೈಲರ್‌ನ ಮೂತಿ ಜಾರಿ ನೆಲಕ್ಕೆ ಕುಕ್ಕಿತು. ಅವನು ಕಾಲು ಎತ್ತಲು ನಿಂತಿದ್ದ ಜಾಗಕ್ಕೂ ಟ್ರೈಲರ್ ಬಿದ್ದ ಜಾಗಕ್ಕೂ ಹೆಚ್ಚು ದೂರವಿರಲಿಲ್ಲ.

ಯಾರಿಗೂ ಗಾಯವಾಗಲಿಲ್ಲವಾದ್ದರಿಂದ ಅದು ಸುದ್ದಿಯಾಗಲಿಲ್ಲ, ದೂರೂ ಆಗಲಿಲ್ಲ. ರಿಪೇರಿಯ ಖರ್ಚನ್ನು ನಾಲ್ಕು ತಿಂಗಳು ಚಿಕ್ಕಪ್ಪನ ಸಂಬಳದಲ್ಲಿ ಹಿಡಿದುಕೊಂಡರು. ವಿಷಯ ಅಲ್ಲಿಗೆ ಮುಗಿಯಿತು. ಆದರೆ ಮುಗಿಯಬಾರದಿತ್ತು ಎಂಬುದು ನನ್ನ ಅನಿಸಿಕೆ.

ಎತ್ತಿನ ಗಾಡಿ ಕಂಡವರಿಗೆ ಕಡಾಣಿ ಗೊತ್ತು. ಅಚ್ಚಿನ ತುದಿಗೆ ಸಿಕ್ಕಿಸುವ ಬೆರಳು ಗಾತ್ರದ ಕೀಲು. ಅದು ಬಿದ್ದುಹೋದರೆ ಚಕ್ರವೇ ಕಳಚಿಕೊಳ್ಳುತ್ತದೆ. ಟ್ರೈಲರ್ ಲಾರಿಗೂ ಅಂಥದ್ದೇ ಒಂದು ಕೀಲಿದೆ. ಮುಂದಿನ ಎಂಜಿನ್ ಗಾಡಿಯನ್ನು ಚಾಲಕರು ‘ಹಾರ್ಸ್’ ಎನ್ನುತ್ತಾರೆ. ಅದರ ಬೆನ್ನ ಮೇಲೆ ಗ್ರೀಸ್ ಬಳಿದ ದಪ್ಪ ಉಕ್ಕಿನ ತಟ್ಟೆಯಿರುತ್ತದೆ. ಅದೇ ‘ಫಿಫ್ತ್ ವೀಲ್’, ಐದನೇ ಚಕ್ರ. ಹಿಂದಿನ ಕಾಲದ ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚು ತಿರುಗಲೆಂದು ಅಡ್ಡಲಾಗಿ ಒಂದು ಚಕ್ರ ಕೂರಿಸುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಟ್ರೈಲರ್‌ನ ಮುಂಭಾಗದ ಅಡಿಯಲ್ಲಿ ‘ಕಿಂಗ್ ಪಿನ್’ ಎಂಬ ಉಕ್ಕಿನ ಗೂಟವಿದೆ. ಸಾಮಾನ್ಯವಾಗಿ ಅದರ ದಪ್ಪ ಎರಡು ಇಂಚು, ಅಂದರೆ ಸುಮಾರು 50 ಮಿಲಿಮೀಟರ್. ಹಾರ್ಸ್ ಹಿಂದಕ್ಕೆ ಬಂದಾಗ ಈ ಗೂಟ ತಟ್ಟೆಯ ಸೀಳಿನೊಳಗೆ ಜಾರಿ, ಒಳಗಿನ ದವಡೆ ಅದನ್ನು ಕಚ್ಚಿ ಹಿಡಿಯಬೇಕು.

ಒಂದು ಕಂಟೇನರ್‌ ಸರಕು ಸೇರಿ 30 ಟನ್‌ವರೆಗೆ ತೂಗಬಹುದು. 2018ರ ಪರಿಷ್ಕರಣೆಯ ನಂತರ ನಮ್ಮಲ್ಲಿ ಇಂಥ ಜೋಡಿ ವಾಹನಗಳ ಒಟ್ಟು ತೂಕದ ಗರಿಷ್ಠ ಮಿತಿ 55 ಟನ್. ಇದನ್ನೆಲ್ಲ ಎಳೆಯುವ ಹೊಣೆ ಆ ಎರಡು ಇಂಚಿನ ಗೂಟದ್ದು. ಅದರ ಬಲಕ್ಕೇನೂ ಕೊರತೆಯಿಲ್ಲ. ದವಡೆ ಪೂರ್ತಿ ಕಚ್ಚದಿದ್ದಾಗ ತೊಂದರೆ ಶುರುವಾಗುತ್ತದೆ.

ಕಚ್ಚದಿರಲು ಕಾರಣಗಳೇನು ಎಂದು ಚಿಕ್ಕಪ್ಪನನ್ನೇ ಕೂರಿಸಿಕೊಂಡು ಕೇಳಿದೆ. ‘ನೋಡ್ಲಾ ಮಗ, ಹೊಕ್ತು ಅಂದ್ರೆ ಹಿಡೀತು ಅಂತಲ್ಲ’ ಎಂದರು. ಟ್ರೈಲರ್‌ನ ಮೂತಿ ಬೇಕಾದ್ದಕ್ಕಿಂತ ಎತ್ತರದಲ್ಲಿ ನಿಂತಿದ್ದರೆ ಗೂಟ ದವಡೆಯೊಳಗೆ ಇಳಿಯದೆ ಅದರ ಮೇಲೇ ಕೂರುತ್ತದೆ. ಆಗಲೂ ಸದ್ದು ಬರುತ್ತದೆ. ಹೊರಗಿನಿಂದ ಎಲ್ಲ ಸರಿಯಿರುವಂತೆಯೇ ಕಾಣುತ್ತದೆ. ಮೊದಲ ತಿರುವಿಗೋ ಹಂಪ್‌ಗೋ ಅದು ಜಾರುತ್ತದೆ. ಹಳೆಯ ಗ್ರೀಸ್ ಮಣ್ಣಿನೊಡನೆ ಗಟ್ಟಿಯಾಗಿದ್ದರೆ ದವಡೆ ಅರ್ಧಕ್ಕೇ ನಿಲ್ಲುತ್ತದೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದಾಗ ಯಾರಾದರೂ ಹಿಡಿಕೆ ಎಳೆದಿರುವುದೂ ಉಂಟು. ಬಿಚ್ಚುವಾಗಲೂ ಅಷ್ಟೇ. ಕಾಲು ಇಳಿಸುವುದನ್ನು ಮರೆತರೆ, ಇಲ್ಲವೇ ಮಳೆಗೆ ನೆನೆದ ಮಣ್ಣಿನಲ್ಲಿ ಕಾಲು ಹೂತರೆ ಟ್ರೈಲರ್ ಬೀಳುವುದೇ.

ಇದನ್ನು ತಪ್ಪಿಸುವ ಕ್ರಮ ಗುಟ್ಟಿನದ್ದೇನಲ್ಲ. ಮೊದಲು ಟ್ರೈಲರ್‌ನ ಬ್ರೇಕ್ ಹಿಡಿದಿದೆಯೇ ನೋಡಿ ಚಕ್ರಗಳಿಗೆ ಅಡೆ ಕೊಡಬೇಕು. ಹಾರ್ಸ್ ಒಳಹೋಗುವ ಮೊದಲೇ ಎತ್ತರ ನೋಡಬೇಕು. ಟ್ರೈಲರ್‌ನ ತಟ್ಟೆ ಹಾರ್ಸ್‌ನ ತಟ್ಟೆಗೆ ತಾಗಿ, ಹಿಂದೆ ಸರಿದಂತೆ ಅದರ ಮೇಲೆ ತುಸು ಏರುವಂತಿರಬೇಕು. ಸದ್ದು ಬಂದ ಮೇಲೆ ಟ್ರೈಲರ್‌ನ ಬ್ರೇಕ್ ಬಿಡದೆ, ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಬೇಕು. ಆಮೇಲೆ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ ಕೆಳಗಿಳಿದು ಟಾರ್ಚ್ ಬಿಟ್ಟು ಬಗ್ಗಿ ನೋಡಬೇಕು. ನೋಡಬೇಕಾದ್ದು ಮೂರು: ಎರಡು ತಟ್ಟೆಗಳ ನಡುವೆ ಬೆಳಕು ಹಾಯುವ ಸಂದಿರಬಾರದು, ದವಡೆ ಗೂಟದ ಹಿಂದೆ ಪೂರ್ತಿ ಮುಚ್ಚಿರಬೇಕು, ಹಿಡಿಕೆ ಒಳಕ್ಕೆ ಹೋಗಿ ಅದರ ಕೊಕ್ಕೆ ಬಿದ್ದಿರಬೇಕು. ಇವು ಮೂರೂ ಸರಿಯಿದ್ದರೆ ಮಾತ್ರ ಕಾಲುಗಳನ್ನು ಪೂರ್ತಿ ಎತ್ತುವುದು. ಜಗ್ಗಿ ನೋಡುವಾಗ ಕಾಲುಗಳು ನೆಲದ ಹತ್ತಿರವೇ ಇದ್ದರೆ, ದವಡೆ ಕಚ್ಚದಿದ್ದರೂ ಟ್ರೈಲರ್ ಕಾಲಿನ ಮೇಲೆ ನಿಲ್ಲುತ್ತದೆ, ಮನುಷ್ಯನ ಮೇಲೆ ಬೀಳುವುದಿಲ್ಲ.

ಬಿಚ್ಚುವಾಗ ಗಟ್ಟಿ ನೆಲ ಬೇಕು. ಮಣ್ಣಿದ್ದರೆ ಕಾಲಿನ ಅಡಿಗೆ ದಪ್ಪ ಹಲಗೆ ಕೊಡಬೇಕು. ಹಿಡಿಕೆ ಎಳೆದ ಮೇಲೆ ಒಂದಡಿಯಷ್ಟೇ ಮುಂದೆ ಸರಿದು, ಹಾರ್ಸ್‌ನ ಚಾಸಿ ಇನ್ನೂ ಟ್ರೈಲರ್ ಕೆಳಗಿರುವಾಗಲೇ ನಿಂತು, ಕಾಲುಗಳು ಭಾರ ತಡೆದಿವೆಯೇ ನೋಡಬೇಕು.

ಬಗ್ಗಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಇದೆಲ್ಲ ಚಿಕ್ಕಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ರಾತ್ರಿ ಯಾಕೆ ನೋಡಲಿಲ್ಲ? ಅವರ ಉತ್ತರದಲ್ಲಿ ನೆಪವಿರಲಿಲ್ಲ. ಹಿಂದೆ ಇನ್ನೆರಡು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಯಾರ್ಡಿನ ಆ ಮೂಲೆಯಲ್ಲಿ ದೀಪವಿರಲಿಲ್ಲ. ಬಗ್ಗಿದರೆ ಕೆಸರು. ಬೆಳಿಗ್ಗೆಯೊಳಗೆ ಗಡಿ ದಾಟಬೇಕು. ಮೇಲಾಗಿ ನೂರಾರು ಸಲ ‘ಟಕ್’ ಎಂದಾಗಲೆಲ್ಲ ಹಿಡಿದಿತ್ತು.

ಇದನ್ನು ‘ಚಾಲಕನ ನಿರ್ಲಕ್ಷ್ಯ’ ಎಂದು ಬರೆದು ಮುಗಿಸುವುದು ಸುಲಭ. ತಪ್ಪು ಅವರದೂ ಹೌದು, ಅವರೇ ಒಪ್ಪುತ್ತಾರೆ. ಆದರೆ ದೀಪ ಹಾಕದವರು, ನೆಲ ಗಟ್ಟಿ ಮಾಡದವರು, ಎರಡು ನಿಮಿಷಕ್ಕೆ ವೇಳಾಪಟ್ಟಿಯಲ್ಲಿ ಜಾಗ ಕೊಡದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ದಂಡವನ್ನು ಸಂಬಳದಲ್ಲಿ ಹಿಡಿಯುವುದರಿಂದ ಇನ್ನೊಂದು ಕೇಡೂ ಆಗುತ್ತದೆ. ಮುಂದಿನ ಸಲ ಯಾರದಾದರೂ ಕೊಂಡಿ ಅರ್ಧ ಕಚ್ಚಿ, ಪುಣ್ಯಕ್ಕೆ ಬೀಳದೆ ಉಳಿದರೆ ಅವರು ಅದನ್ನು ಯಾರಿಗೂ ಹೇಳುವುದಿಲ್ಲ. ಒಬ್ಬರಿಗೆ ತಪ್ಪಿದ ಗಂಡಾಂತರದಿಂದ ಹತ್ತು ಜನ ಕಲಿಯುವ ಅವಕಾಶ ಅಲ್ಲೇ ಹೂತುಹೋಗುತ್ತದೆ.

ಇದು ಬರೀ ಲಾರಿಯವರ ವಿಷಯವೆಂದು ಬಿಡುವಂತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿದ ನಮ್ಮ ಜಿಲ್ಲೆಯ ಹೆಸರನ್ನು 2025ರ ಮೇ ತಿಂಗಳಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಬದಲಿಸುವ ತೀರ್ಮಾನವಾಯಿತು. ಹೆಸರಿನ ಬಗ್ಗೆ ಪರ–ವಿರೋಧ ಸಾಕಷ್ಟು ನಡೆಯಿತು. ಆದರೆ ಬೆಂಗಳೂರು ನಮ್ಮತ್ತ ಬರುತ್ತಿರುವುದು ಬೋರ್ಡಿನಲ್ಲಿ ಮಾತ್ರವಲ್ಲ, ರಸ್ತೆಯಲ್ಲೂ. 1999ರ ಕೊನೆಯಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಕಾರು ತಯಾರಿಸಲು ಶುರುಮಾಡಿದ ಮೇಲೆ ಕಾರು ಹೊರುವ ಉದ್ದನೆಯ ಟ್ರೈಲರ್‌ಗಳು ನಮಗೆ ನಿತ್ಯದ ನೋಟವಾದವು. ಹಾರೋಹಳ್ಳಿ ಕೈಗಾರಿಕಾ ಪ್ರದೇಶ ಬೆಳೆದಂತೆ ಕನಕಪುರ ರಸ್ತೆಗೂ ಅವು ಬಂದವು. ಈಗ ಬೆಂಗಳೂರಿನೊಳಗೆ ಲಾರಿಗಳು ನುಗ್ಗದಿರಲೆಂದು ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ರೂಪುಗೊಳ್ಳುತ್ತಿದೆ. ಅದು ಕನಕಪುರ, ರಾಮನಗರ, ಮಾಗಡಿಗಳನ್ನು ಬೆಸೆಯುತ್ತದೆ. ಅಂದರೆ ನಗರ ಬೇಡವೆನ್ನುವ ಭಾರವೆಲ್ಲ ನಮ್ಮ ಊರುಗಳ ಪಕ್ಕದಲ್ಲಿ ಹಾಯಲಿದೆ. ಉದ್ಯೋಗ ಬರುವುದಾದರೆ ಬರಲಿ, ಅದರ ಜೊತೆ ಬರುವ ಅಪಾಯಕ್ಕೂ ತಯಾರಿ ಇರಬೇಕಲ್ಲವೇ?

ರಸ್ತೆ ಸುರಕ್ಷತೆ ಎಂದಾಗ ನಾವು ಮಾತಾಡುವುದು ವೇಗದ ಬಗ್ಗೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಸಾವುಗಳು ಸುದ್ದಿಯಾದ ಮೇಲೆ ಕ್ಯಾಮೆರಾಗಳು ಬಂದವು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. 2024ರ ಡಿಸೆಂಬರ್ 21ರಂದು, ಮಾಗಡಿಗೆ ನೆರೆಯ ನೆಲಮಂಗಲ ತಾಲ್ಲೂಕಿನ ತಾಳೆಕೆರೆ ಬಳಿ ಕಂಟೇನರ್ ಲಾರಿ ಕಾರಿನ ಮೇಲೆ ಉರುಳಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡಾಗ ನಾವೆಲ್ಲ ಬೆಚ್ಚಿಬಿದ್ದೆವು. ಆ ದುರಂತದ ಕಾರಣ ಕೊಂಡಿಯಲ್ಲ. ಆದರೆ ಅಂಥ ಭಾರ ಹಿಡಿತ ತಪ್ಪಿದರೆ ಪಕ್ಕದಲ್ಲಿರುವವರಿಗೆ ಏನಾಗುತ್ತದೆ ಎಂಬುದು ಅಂದು ಎಲ್ಲರಿಗೂ ಅರ್ಥವಾಯಿತು.

ಆಗಸ್ಟ್ 1ರ ನಿಷೇಧದ ಇನ್ನೊಂದು ಮಗ್ಗುಲನ್ನು ನಾನು ದಿನವೂ ಕಾಣುತ್ತೇನೆ. ಕಾಲೇಜಿಗೆ ಹೋಗುವ ನನ್ನಂಥ ಬೈಕ್ ಸವಾರರೂ, ಕಬ್ಬು, ತೆಂಗಿನಕಾಯಿ, ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್‌ಗಳೂ ಈಗ ಒಂದೇ ಸರ್ವಿಸ್ ರಸ್ತೆಯಲ್ಲಿ ಓಡುತ್ತೇವೆ. ಟ್ರ್ಯಾಕ್ಟರ್ ಟ್ರೇಲರ್‌ನ ಕೊಂಡಿ ಲಾರಿಯದಕ್ಕಿಂತ ಸರಳ: ಒಂದು ತೂತು, ಒಂದು ಪಿನ್ನು. ಪಿನ್ನು ಮೇಲೆ ಜಿಗಿಯದಂತೆ ತಡೆಯುವ ಕ್ಲಿಪ್ಪಿನ ಬದಲು ತಂತಿ ಸುತ್ತಿದ್ದನ್ನು, ಪಿನ್ನಿನ ಜಾಗದಲ್ಲಿ ಕಬ್ಬಿಣದ ಸರಳಿನ ತುಂಡು ಹಾಕಿದ್ದನ್ನು ನಾನೇ ಕಂಡಿದ್ದೇನೆ. ದೊಡ್ಡ ಟ್ರೈಲರ್ ಕಳಚಿಕೊಂಡರೆ ಗಾಳಿ ಪೈಪು ಹರಿದು ಅದರ ಬ್ರೇಕ್ ತಾನಾಗಿ ಹಿಡಿಯುತ್ತದೆ. ನಮ್ಮ ಊರಿನ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. ಏರಿನಲ್ಲಿ ಪಿನ್ನು ಕಳಚಿದರೆ ಅದು ಹಿಂದಕ್ಕೆ ಉರುಳುತ್ತದೆ. ಹಿಂದೆ ಇರುವವರು ಬೈಕಿನವರು. ಮುಖ್ಯ ಪಥವನ್ನು ಸುರಕ್ಷಿತವಾಗಿಸುವ ಭರದಲ್ಲಿ, ಅತಿ ಸಡಿಲವಾದ ಕೊಂಡಿಗಳನ್ನೂ ರಕ್ಷಣೆಯೇ ಇಲ್ಲದ ಸವಾರರನ್ನೂ ಅಕ್ಕಪಕ್ಕ ತಂದಿಟ್ಟಂತಾಗಿದೆ. ನಿಷೇಧ ತಪ್ಪೆಂದು ನಾನು ಹೇಳುತ್ತಿಲ್ಲ. ಅದರ ಮುಂದಿನ ಕೆಲಸ ಬಾಕಿ ಉಳಿದಿದೆ ಎನ್ನುತ್ತಿದ್ದೇನೆ.

ಆ ಕೆಲಸ ಕಾನೂನಿನಿಂದ ಶುರುವಾಗಬಹುದು. 1988ರ ಮೋಟಾರು ವಾಹನ ಕಾಯ್ದೆಯು ಸೆಮಿ ಟ್ರೈಲರ್ ಎಂದರೇನು, ಅದನ್ನು ಜೋಡಿಸಿದ ವಾಹನ ಯಾವುದು ಎಂದು ವ್ಯಾಖ್ಯಾನಿಸಿದೆ. ಸರಕು ವಾಹನದ ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆದರೆ ಕೊಂಡಿ ಹಾಕಿ ಬಿಚ್ಚುವುದು ದಿನವೂ ನಡೆಯುವ ಕೆಲಸ. ಅದನ್ನು ಎಫ್‌ಸಿ ಕಾಯಲಾರದು, ಮಾಡುವವನ ಅಭ್ಯಾಸ ಕಾಯಬೇಕು. ಬ್ರಿಟನ್‌ನಲ್ಲಿ ಟ್ರೈಲರ್ ಲಾರಿಯ ಪರವಾನಗಿ ಬೇಕಿದ್ದರೆ ಟ್ರೈಲರ್ ಬಿಚ್ಚಿ, ಮತ್ತೆ ಜೋಡಿಸಿ ತೋರಿಸಬೇಕು. ಅದು ಪರೀಕ್ಷೆಯ ಭಾಗ. ಚಿಕ್ಕಪ್ಪ ಇದನ್ನು ಕಲಿತದ್ದು ಕ್ಲೀನರ್ ಆಗಿದ್ದಾಗ, ಅವರ ಉಸ್ತಾದ್ ಮಾಡುವುದನ್ನು ನೋಡಿ. ಉಸ್ತಾದ್ ಬಿಟ್ಟದ್ದನ್ನು ಶಿಷ್ಯನೂ ಬಿಡುತ್ತಾನೆ. ನಮ್ಮ ಪರವಾನಗಿ ಪರೀಕ್ಷೆಯಲ್ಲೂ ಕೊಂಡಿ ಹಾಕಿ ತೋರಿಸುವ ಹತ್ತು ನಿಮಿಷ ಸೇರಲಿ.

ಯಾರ್ಡ್‌ಗಳ ಮಾಲೀಕರು ಮಾಡಬಹುದಾದ್ದು ಇನ್ನೂ ಸುಲಭ. ಜೋಡಿಸುವ ಜಾಗಕ್ಕೆ ಕಾಂಕ್ರೀಟ್ ನೆಲ ಮತ್ತು ಒಂದು ದೀಪ, ಪ್ರತಿ ಗಾಡಿಗೆ ಒಂದು ಟಾರ್ಚ್. ಗೇಟಿನಲ್ಲಿ ಬಿಲ್ ನೋಡುವ ಸೆಕ್ಯುರಿಟಿಯವರು ‘ಬಗ್ಗಿ ನೋಡಿದ್ರಾ?’ ಎಂದು ಒಂದು ಮಾತು ಕೇಳಲಿ. ಕೊಂಡಿ ಅರ್ಧ ಕಚ್ಚಿದ್ದನ್ನು ತಾನಾಗಿ ಬಂದು ಹೇಳಿದವರ ಸಂಬಳ ಮುಟ್ಟದಿರಲಿ. ಟ್ರ್ಯಾಕ್ಟರ್ ಇರುವ ರೈತರಿಗೆ ಸರಿಯಾದ ಪಿನ್ನು, ಕ್ಲಿಪ್ಪು ಮತ್ತು ಪಿನ್ನು ಕಳಚಿದರೂ ಟ್ರೇಲರ್ ಹಿಡಿದಿಡುವ ಸರಪಳಿ ದುಬಾರಿಯಲ್ಲ. ಹಂಗಾಮಿಗೆ ಮುಂಚೆ ಪಂಚಾಯಿತಿಗಳು ಒಂದು ದಿನ ತಪಾಸಣೆ ಇಟ್ಟುಕೊಳ್ಳಬಹುದು.

ನಮ್ಮ ವಯಸ್ಸಿನವರಿಗೂ ಪಾಲಿದೆ. ಟ್ರೇಲರ್‌ಗೆ ಅಂಟಿಕೊಂಡು ಬೈಕ್ ಓಡಿಸುವುದನ್ನು, ನಿಂತ ಟ್ರೈಲರ್‌ನ ಅಡಿಯ ನೆರಳಲ್ಲಿ ಕೂರುವುದನ್ನು ಬಿಡೋಣ. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಇವತ್ತೇ ಆ ಪಿನ್ನನ್ನು ನೋಡೋಣ. ನಾನು ನೋಡಿದೆ. ನಮ್ಮದಕ್ಕೂ ತಂತಿಯೇ ಇತ್ತು. ಅಪ್ಪ ಮರುದಿನ ಕ್ಲಿಪ್ ತಂದು ಹಾಕಿದರು.

ಚಿಕ್ಕಪ್ಪ ಈಗಲೂ ಅದೇ ಕೆಲಸದಲ್ಲಿದ್ದಾರೆ. ಟಾರ್ಚ್ ತಾವೇ ಕೊಂಡುಕೊಂಡಿದ್ದಾರೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆದರೆ ಹೊಡೆಯಲಿ ಎಂದು ಕೆಸರಿಗೆ ಗೋಣಿಚೀಲ ಹಾಕಿ ಬಗ್ಗುತ್ತಾರಂತೆ. ಅವರು ಎದ್ದ ಮೇಲೆ ಆ ಹುಡುಗನೂ ಒಮ್ಮೆ ಬಗ್ಗಿ ನೋಡಿ ‘ಕಚ್ಚೈತೆ ಅಣ್ಣ’ ಎನ್ನಬೇಕು. ಅಲ್ಲಿಯವರೆಗೆ ಗಾಡಿ ಹೊರಡುವುದಿಲ್ಲ.